ಕರಿಚಿರತೆ ಮತ್ತು ಟೈಲರ್ ಸಾಂತಪ್ಪ

ಟೈಲರ್ ಸಾಂತಪ್ಪ ಆ ಮಾತು ಆಡಬಾರದಿತ್ತು. ಕುಟ್ಟದ ಕಡೆಯಿಂದ ನಾಗರಹೊಳೆ ಕಾಡಿಗೆ ಹೊರಟ ಸಫಾರಿ ಬಸ್ಸಿನಲ್ಲಿ ಪಕ್ಕದ ಮನೆಯ ಕುಟ್ಟಪ್ಪ, "ನೀವು ಮುಂಚೆನೂ ಬಂದಿದ್ರಲ್ಲ ಮಾರಾಯ್ರೆ, ಹುಲಿ ಗಿಲಿ ಸಿಕ್ತಾ?" ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ.

"ಪ್ರತಿ ವರ್ಷ ಬರ್ತೀನಿ. ಜಿಂಕೆ ಬಿಟ್ರೆ ಏನೂ ಕಂಡಿಲ್ಲ."

ಕರಿಚಿರತೆ ಓಡಾಡುತ್ತಿದೆಯೆಂಬ ಸುದ್ದಿ ಕೇಳಿ ಮಾದಾಪುರದಿಂದ ನಸುಕಿನಲ್ಲೇ ಹೊರಟು ಬಂದ ಅವನ ಬೀದಿಯವರೆಲ್ಲ ಅವನನ್ನು ಪಾಯಸದಲ್ಲಿ ಬಿದ್ದ ನೊಣದಂತೆ ನೋಡಿದರು.

ಅಲ್ಲಿಂದ ಮುಂದೆ ಎಲ್ಲವೂ ಅವನದೇ ತಪ್ಪು. ಕೆರೆಯಲ್ಲಿ ಆನೆ ಇರಲಿಲ್ಲ. ಕಾಡುಕೋಣವೆಂದುಕೊಂಡದ್ದು ಸುಟ್ಟ ಮರದ ಬುಡವಾಯಿತು. ಕೊನೆಗೆ ಎದುರು ಮನೆಯ ಚಲುವಮ್ಮ ತೀರ್ಪು ಕೊಟ್ಟರು: "ನಿನ್ ಕಣ್ಣೇ ಸರಿ ಇಲ್ಲ ಕಣಪ್ಪ. ಸ್ವಲ್ಪ ಮುಚ್ಕೋ, ನಾವಾದ್ರೂ ನೋಡ್ತೀವಿ."

"ನಾನೂ ನೋಡೋಕೇ ಬಂದಿರೋದು ಅಕ್ಕಾ!"

"ಮುಚ್ಕೊಳ್ರೀ ಸುಮ್ನೆ," ಎಂದಳು ಹೆಂಡತಿ ದಮಯಂತಿ, "ನಾಳೆ ಬೀದೀಲಿ ನಾನು ತಲೆ ಎತ್ತಿ ಓಡಾಡ್ಬೇಕು."

ಮುಚ್ಚಿದ. ಬೆರಳ ಸಂದಿಯಿಂದ ಇಣುಕಿದ್ದು ಪತ್ತೆಯಾದಾಗ ಚಲುವಮ್ಮ ತಮ್ಮ ಮಫ್ಲರ್ ಬಿಚ್ಚಿ ಅವನ ಕಣ್ಣಿಗೆ ಕಟ್ಟಿಯೇಬಿಟ್ಟರು.

ಅಷ್ಟರಲ್ಲಿ ಮೇಲೆಲ್ಲೋ ಮರದಲ್ಲಿ ಮುಸುವ ಕೋತಿ ಎಚ್ಚರಿಕೆಯ ಕೂಗು ಹಾಕಿತು. ಡ್ರೈವರ್ ಇಂಜಿನ್ ಆಫ್ ಮಾಡಿದ.

"ಕರೀದು..." ಕುಟ್ಟಪ್ಪನ ಪಿಸುದನಿ ನಡುಗಿತು.

ಸಾಂತಪ್ಪನ ಕೈ ಮಫ್ಲರಿಗೆ ಹೋಯಿತು. ದಮಯಂತಿ ಅದನ್ನು ಗಬಕ್ಕನೆ ಹಿಡಿದಳು. "ಅಲ್ಲಾಡ್ಬೇಡಿ. ನಿಮ್ ಕಿಟಕಿ ಹತ್ರಾನೇ ಬರ್ತಾ ಇದೆ."

ತರಗೆಲೆ ಸರಕ್ಕೆಂದಿತು. ಮೂಗಿಗೆ ಘಾಟು ವಾಸನೆ ಬಡಿಯಿತು. ಜಾಲರಿಯಾಚೆ ಏನೋ ನಿಧಾನವಾಗಿ ಉಸಿರು ಬಿಡುತ್ತಿತ್ತು. ಅವನ ಎದೆ ಹೊಲಿಗೆ ಮಿಷನ್ನಿನಂತೆ ಓಡತೊಡಗಿತು. ಇಷ್ಟು ವರ್ಷ ಕಾದ ಪ್ರಾಣಿ ಮೊಳ ದೂರದಲ್ಲಿ! ನೋಡಲೇಬೇಕೆಂಬ ಆಸೆ, ನೋಡಿದರೆ ಅದೂ ತನ್ನನ್ನು ನೋಡಿಬಿಡುತ್ತದೆಂಬ ಭಯ.

"ಹೋಯ್ತು," ಎಂದರು ಯಾರೋ. ಸಾಂತಪ್ಪ ಮಫ್ಲರ್ ಕಿತ್ತೆಸೆದ. ಲಂಟಾನ ಪೊದೆಯ ಒಂದು ಕೊಂಬೆ ಮಾತ್ರ ಅಲ್ಲಾಡುತ್ತಿತ್ತು.

"ಏನ್ ಹೊಳಪು! ಎಂಥಾ ಮೀಸೆ!" ದಾರಿಯುದ್ದಕ್ಕೂ ಅದೇ ವರ್ಣನೆ. ಅವನು ಮೊಣಕಾಲು ನೋಡುತ್ತ ಕುಳಿತಿದ್ದ.

ಗೇಟಿನಲ್ಲಿ ಇಳಿದ ಕೂಡಲೇ ಡ್ರೈವರ್ ನಡೆದದ್ದನ್ನೆಲ್ಲ ಒದರಿದ. ಮುಂದಿನ ಟ್ರಿಪ್ಪಿಗೆ ಕಾದಿದ್ದ ಜನ ಓಡಿಬಂದು ಸಾಂತಪ್ಪನನ್ನು ಮುತ್ತಿಕೊಂಡರು.

"ಸಾರ್, ನಮ್ ಜೊತೆನೂ ಬನ್ನಿ! ನಿಮ್ ಟಿಕೆಟ್ ನಮ್ದು. ಮುಂದಿನ ಸೀಟೇ ನಿಮ್ಗೆ!"

ಸಾಂತಪ್ಪ ಚಲುವಮ್ಮನ ಕಡೆ ತಿರುಗಿಯೂ ನೋಡದೆ ಬಸ್ಸು ಹತ್ತಿದ. ಎದುರಿಗೆ ಅಗಲವಾದ ಗಾಜು, ಅಡ್ಡಕ್ಕೆ ಒಂದು ತಲೆಯೂ ಇಲ್ಲ, ಕಣ್ಣು ಹಾಯುವಷ್ಟೂ ಕಾಡು. ಬಸ್ಸು ಹೊರಟಿತು.

"ಬೇಜಾರ್ ಮಾಡ್ಕೋಬೇಡಿ ಅಣ್ಣಾ," ಎಂದು ಹಿಂದಿನ ಸೀಟಿನ ಹೆಂಗಸು ಮೆಲ್ಲಗೆ ಹೇಳಿ, ನಾಲ್ಕು ಮಡಿಕೆ ಮಾಡಿದ ಟವೆಲನ್ನು ಅವನ ಕಣ್ಣಿಗೆ ಬಿಗಿಯಾಗಿ ಕಟ್ಟಿದಳು.