ಗುಂಡಿ ಒಂದೇ ಬಾಕಿ

“ಇವತ್ತಿನಿಂದ ನನ್ನ ಬಾಯಲ್ಲಿ ಒಂದೇ ಒಂದು ನೆಪ ಬಂದರೂ ನಾನು ಮತ್ತೆ ಕತ್ತರಿ ಮುಟ್ಟೋದಿಲ್ಲ,” ಎಂದು ಟೈಲರ್ ಮಾಸ್ಟ್ರು ಬೆಳಗಿನ ಚಹಾದ ಲೋಟ ಕೆಳಗಿಟ್ಟು ಘೋಷಿಸಿದರು.

“ಈಗೇನು ದಿನಾ ಮುಟ್ತಾ ಇದೀರಾ?” ಎಂದಳು ಹೆಂಡತಿ.

ಇಂಥ ಮಹಾಪ್ರತಿಜ್ಞೆಯ ಹೊತ್ತಿನಲ್ಲಿ ಅಂಥ ಕ್ಷುಲ್ಲಕ ಪ್ರಶ್ನೆಗೆ ಉತ್ತರ ಕೊಡುವುದು ಮಾಸ್ಟ್ರ ಘನತೆಗೆ ಒಪ್ಪುವಂಥದ್ದಲ್ಲ. ಅವರು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ನಡುಮನೆ ದಾಟಿ, ಮುಂದಿನ ಕೋಣೆಯಲ್ಲಿದ್ದ ತಮ್ಮ ಅಂಗಡಿಗೆ ದಯಮಾಡಿಸಿದರು.

ಪ್ರತಿಜ್ಞೆಗೆ ಕಾರಣ ಪಕ್ಕದ ಅಂಗಡಿಯ ಕ್ಷೌರಿಕ. ಆತ ನಶ್ಯ ಬಿಟ್ಟಿದ್ದ. ಬಿಟ್ಟವನು ಸುಮ್ಮನಿರಬೇಕೋ ಬೇಡವೋ? ಮುಖಕ್ಕೆಲ್ಲ ಸೋಪು ಹಚ್ಚಿಸಿಕೊಂಡು ಬಾಯಿ ತೆರೆಯಲಾರದೆ ಕೂತ ಗಿರಾಕಿಗಳಿಗೆ ತನ್ನ ಮನೋಬಲದ ಪುರಾಣ ಹೇಳತೊಡಗಿದ್ದ. ನಿನ್ನೆ ಮಾಸ್ಟ್ರೂ ಆ ಕುರ್ಚಿಯಲ್ಲಿ ಸಿಕ್ಕಿಬಿದ್ದರು. “ಚಟಕ್ಕಿಂತ ಅದರ ನೆಪ ಗಟ್ಟಿ ಮಾಸ್ಟ್ರೇ. ಮೊದಲು ಅದನ್ನ ಕೀಳಬೇಕು. ನೀವೂ ಏನಾದ್ರೂ ಬಿಡಿ,” ಎಂದ. ಮಾಸ್ಟ್ರಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಬಿಡುವುದಕ್ಕೆ ಏನೂ ಸಿಗದೆ ಬೇಜಾರಾಗಿ, ಕೊನೆಗೆ ನೆಪವನ್ನೇ ಬಿಡುವುದೆಂದು ತೀರ್ಮಾನಿಸಿದ್ದರು.

ಹೇಳಿದ ದಿನ ಬಟ್ಟೆ ಕೊಟ್ಟ ಇತಿಹಾಸ ಅವರಿಗಿರಲಿಲ್ಲ. ಬೀದಿಯಲ್ಲಿ ಅವರಿಗೆ ನಾಳೆ ಮಾಸ್ಟ್ರು ಎಂದೇ ಹೆಸರು. ಕೈಗುಣ ಮಾತ್ರ ದೊಡ್ಡದು. ಅವರು ಹೊಲಿದ ಕೋಟು ತೊಟ್ಟರೆ ಡೊಳ್ಳುಹೊಟ್ಟೆಯವನೂ ದಂಡನಾಯಕನಂತೆ ಕಾಣುತ್ತಿದ್ದ. ಅದಕ್ಕೇ ಜನ ಬೈದುಕೊಂಡು ಹೋಗುತ್ತಿದ್ದರು, ಬೈದುಕೊಂಡೇ ಮತ್ತೆ ಬರುತ್ತಿದ್ದರು.

ಅಂದು ಮೊದಲು ಬಂದವನು ಬ್ಯಾಂಕಿನ ಗುಮಾಸ್ತ. “ಮಾಸ್ಟ್ರೇ, ನನ್ನ ಶರಟು?”

“ಆಗೇಹೋಯ್ತು. ಗುಂಡಿ ಒಂದೇ ಬಾಕಿ,” ಎಂದಿತು ಮಾಸ್ಟ್ರ ಬಾಯಿ, ಮಾಸ್ಟ್ರನ್ನು ಒಂದು ಮಾತೂ ಕೇಳದೆ.

ಶರಟು ಕಪಾಟಿನಲ್ಲಿತ್ತು. ಗುಮಾಸ್ತ ತಂದುಕೊಟ್ಟಾಗ ಹೇಗೆ ಮಡಿಸಿತ್ತೋ ಹಾಗೆಯೇ ಇತ್ತು. ಅದನ್ನಿನ್ನೂ ಬಟ್ಟೆ ಎನ್ನುವುದೇ ಸರಿ. ಅವನು ಅತ್ತ ಹೋದ ಮೇಲೆ ಮಾಸ್ಟ್ರಿಗೆ ಪ್ರತಿಜ್ಞೆ ನೆನಪಾಗಿ ಕಸಿವಿಸಿಯಾಯಿತು. ಕೂತು ಯೋಚಿಸಿದರು. ನೆಪ ಎಂದರೆ ಇಲ್ಲದ್ದನ್ನು ಇದೆ ಎನ್ನುವುದು. ಗುಂಡಿ ಹಾಕುವುದು ಬಾಕಿ ಇಲ್ಲವೇ? ಇದೆ. ಕತ್ತರಿಸುವುದು, ಹೊಲಿಯುವುದು ಕೂಡ ಬಾಕಿ ಇದೆ ಎನ್ನುವುದು ಬೇರೆ ಸಂಗತಿ. ಅದನ್ನು ಅವನು ಕೇಳಲಿಲ್ಲ. ಹೀಗೆ ತಮ್ಮ ಅಂತರಾತ್ಮದ ಅಳತೆ ತೆಗೆದುಕೊಂಡು, ಅದಕ್ಕೆ ಸರಿಯಾಗಿ ಕೂರುವ ಒಂದು ಸಮಾಧಾನ ಹೊಲಿದುಕೊಂಡರು. ಈ ಒಂದು ಹೊಲಿಗೆಯನ್ನು ಅವರು ಯಾವತ್ತೂ ತಡಮಾಡಿದವರಲ್ಲ.

ಅಷ್ಟರಲ್ಲಿ ಮಗಳು ಬಂದಳು. ವಕೀಲಿ ಓದಿ ಮುಗಿಸಿದ್ದಾಳೆ. ಸೋಮವಾರ ಕೋರ್ಟಿನಲ್ಲಿ ಮೊದಲ ದಿನ. ಟೈಲರ್ ಮಗಳ ಮೈಮೇಲೆ ರೆಡಿಮೇಡ್ ಕೋಟೇ, ಅದು ಈ ಹೊಸ್ತಿಲು ದಾಟಕೂಡದು ಎಂದು ಗುಡುಗಿ ಕಪ್ಪು ಬಟ್ಟೆ ತಂದಿಟ್ಟುಕೊಂಡವರು ಮಾಸ್ಟ್ರೇ.

“ಅಪ್ಪಾ, ನಾಡಿದ್ದು ಸೋಮವಾರ. ಕೋಟಿಲ್ಲದೆ ಕೋರ್ಟಿನ ಒಳಗೆ ಕಾಲಿಡೋ ಹಾಗಿಲ್ಲ. ಮೊದಲನೇ ದಿನ ಬರದವರು ಎರಡನೇ ದಿನವೂ ಬರೋದು ಬೇಡ ಅಂತ ನಮ್ಮ ಸೀನಿಯರ್ ಹೇಳಿಬಿಟ್ಟಿದಾರೆ.”

“ಗುಂಡಿ ಒಂದೇ ಬಾಕಿ ಮಗಳೇ.”

ಮಗಳು ಸೀದಾ ಅಡುಗೆಮನೆಗೆ ನಡೆದಳು. ಏಕೆಂದರೆ ಅಂಗಡಿಯಲ್ಲಿ ಗುಂಡಿ, ಕಾಜಾ, ಅಂಚು ಮಡಿಸುವುದು, ಇವೆಲ್ಲ ಅಮ್ಮನ ಕೆಲಸ. “ಅಮ್ಮಾ, ನನ್ನ ಕೋಟಿಗೆ ಗುಂಡಿ ಹಾಕೋಕೆ ಯಾಕೆ ಇಷ್ಟು ದಿನ?”

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

“ಯಾವ ಕೋಟು? ಬಟ್ಟೆ ತಂದ ದಿನ ನೋಡಿದ್ದೆ. ಆಮೇಲೆ ನನ್ನ ಕೈಗೇ ಬಂದಿಲ್ಲವಲ್ಲ.”

“ಗುಂಡಿ ಒಂದೇ ಬಾಕಿ ಅಂತಾರೆ ಅಪ್ಪ. ಎಲ್ಲರಿಗೂ ಹಾಗೇ ಹೇಳ್ತಾರೆ. ನಿನಗೆ ಕೈನೋವು, ಅದಕ್ಕೇ ನಿಧಾನ ಅಂತ.”

ಹೆಂಡತಿ ಒದ್ದೆ ಕೈಯಲ್ಲೇ ನಿಂತಳು. ಒಂದೊಂದಾಗಿ ಅರ್ಥವಾಗತೊಡಗಿತು. ಎದುರುಮನೆಯ ನರ್ಸು ಸುಮ್ಮಸುಮ್ಮನೆ ನೋವಿನ ಮುಲಾಮು ತಂದುಕೊಟ್ಟಿದ್ದಳು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡು ಇವಳು ಅದನ್ನು ಮಂಡಿಗೆ ಹಚ್ಚಿದ್ದಳು. ತರಕಾರಿ ಅಂಗಡಿಯಲ್ಲಿ ಯಾರೋ ಒಬ್ಬಳು “ಕೆಲವರಿಗೆ ಒಂದು ಗುಂಡಿ ಹಾಕೋಕೂ ಮೈ ಬಗ್ಗಲ್ಲ” ಎಂದು ಬದನೆಕಾಯಿಗೆ ಹೇಳುವಂತೆ ಹೇಳಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಬೀಳುತ್ತಿದೆ ಎಂಬುದೇ ಎಮ್ಮೆಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವಳಿಗೆ ಮೊದಲು ಅವಮಾನವಾಯಿತು, ಸಿಟ್ಟು ಆಮೇಲೆ ಬಂತು.

ಸೆರಗಿಗೆ ಕೈ ಒರೆಸಿಕೊಂಡು ಅಂಗಡಿಗೆ ಬಂದಳು. “ಗುಂಡಿ ಒಂದೇ ಬಾಕಿನಾ?”

“ಹೂಂ,” ಎಂದರು ಮಾಸ್ಟ್ರು.

“ಎಲ್ಲದಕ್ಕೂ?”

“ಎಲ್ಲದಕ್ಕೂ.”

“ಸರಿ ಬಿಡಿ. ನಾನು ಹಾಕ್ತೀನಿ.”

ಹೆಂಡತಿ ಇಷ್ಟು ಮೆತ್ತಗೆ ಮಾತಾಡಿದಾಗ ಬುದ್ಧಿಯಿದ್ದ ಗಂಡ ಹೆದರಬೇಕು. ಮಾಸ್ಟ್ರು ಹೆದರಲಿಲ್ಲ. ಎಷ್ಟು ತಾಳ್ಮೆಯ ಹೆಂಗಸು ಎಂದು ಮೆಚ್ಚಿಕೊಂಡು, ನೆಪ ಬಿಟ್ಟ ಸುದ್ದಿಯನ್ನು ಕ್ಷೌರಿಕನಿಗೆ ತಿಳಿಸಲು ಹೊರಟೇಬಿಟ್ಟರು. ಅಲ್ಲಿ ಮನೋಬಲದ ವಿಷಯದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು ಮಧ್ಯಾಹ್ನವಾಯಿತು.

ವಾಪಸು ಬಂದಾಗ ಅಂಗಡಿಯ ಮುಂದೆ ಜನ ಸೇರಿದ್ದರು. ಬಟ್ಟೆ ತಯಾರಿದೆ, ಬಂದು ತಗೊಂಡು ಹೋಗಿ ಎಂದು ಮಗಳು ಮನೆಮನೆಗೆ ಹೇಳಿಬಂದಿದ್ದಳು. ಒಳಗೆ ತಂತಿಯ ಉದ್ದಕ್ಕೂ ಬಟ್ಟೆಗಳು ನೇತಾಡುತ್ತಿದ್ದವು. ಗುಮಾಸ್ತನ ನೀಲಿ ಬಟ್ಟೆ, ನರ್ಸಿನ ಬಿಳಿ ಬಟ್ಟೆ, ಕ್ಷೌರಿಕನ ಚೌಕಳಿ ಬಟ್ಟೆ, ಕೊನೆಯಲ್ಲಿ ಮಗಳ ಕಪ್ಪು ಬಟ್ಟೆ. ಯಾವುದಕ್ಕೂ ಕತ್ತರಿ ತಾಗಿರಲಿಲ್ಲ. ಆದರೆ ಪ್ರತಿಯೊಂದರ ನಡುಮಧ್ಯೆ, ಮೇಲಿನಿಂದ ಕೆಳಗೆ, ಗೆರೆ ಹೊಡೆದಂತೆ ಸಾಲಾಗಿ ಗುಂಡಿಗಳಿದ್ದವು.

ಗುಮಾಸ್ತ ತನ್ನದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. “ಇದನ್ನ ಹಾಕ್ಕೋಬೇಕಾ, ಹೊದ್ಕೋಬೇಕಾ?”

“ಅದು ಅವರನ್ನ ಕೇಳಿ,” ಎಂದಳು ಹೆಂಡತಿ. “ಗುಂಡಿ ಒಂದೇ ಬಾಕಿ ಅಂದಿದ್ರು, ಹಾಕಿದೀನಿ. ಎಳೆದು ನೋಡಿ, ಒಂದೂ ಕಿತ್ತು ಬರಲ್ಲ. ಕಾಜಾ ಮಾತ್ರ ಮಾಡಿಲ್ಲ. ಬಟ್ಟೆ ತೂತಾದ್ರೆ ನಿಮಗೇ ನಷ್ಟ.”

“ಕೂಸಿಗಿಂತ ಮುಂಚೆ ಕುಲಾವಿ ಅಂತ ಕೇಳಿದ್ದೆ,” ಎಂದ ಹಿಂದೆಯೇ ಬಂದಿದ್ದ ಕ್ಷೌರಿಕ. “ಅಂಗಿಗಿಂತ ಮುಂಚೆ ಗುಂಡಿ ಇವತ್ತೇ ನೋಡಿದ್ದು.”

ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. “ನೋಡಿ, ನಿಜ ಹೇಳಬೇಕಂದ್ರೆ, ಕತ್ತರಿ ಮೊಂಡಾಗಿದೆ...”

“ಹೋದ ವಾರ ನಾನೇ ಸಾಣೆ ಹಿಡಿದುಕೊಟ್ಟೆನಲ್ಲ. ಅದರಲ್ಲಿ ಈಗ ಗಡ್ಡ ಬೇಕಾದ್ರೂ ತೆಗೀಬಹುದು.”

“ಅಂದರೆ, ಬೆಳಕು ಸಾಲದು...”

“ಆ ಟ್ಯೂಬ್‌ಲೈಟು ನಾನು ತಂದು ಹಾಕಿಸಿದ್ದು,” ಎಂದ ಗುಮಾಸ್ತ. “ಈಗ ಅದರ ಕೆಳಗೇ ನಿಂತಿದೀರಿ.”

“ವಯಸ್ಸಾಯ್ತಲ್ಲ, ಕಣ್ಣು ಸ್ವಲ್ಪ ಮಂಜು...”

“ಆಸ್ಪತ್ರೆಗೆ ಕರ್ಕೊಂಡು ಹೋಗಿ ತೋರಿಸಿದೆ. ಹದ್ದಿನ ಕಣ್ಣು ಅಂದ್ರು ಡಾಕ್ಟರು,” ಎಂದಳು ನರ್ಸು. ಆಮೇಲೆ ಹೆಂಡತಿಯ ಕಡೆ ತಿರುಗಿ, “ಅಕ್ಕಾ, ಹಾಗಾದ್ರೆ ನಿಮ್ಮ ಕೈನೋವು?” ಎಂದಳು.

“ಕೈ ಗಟ್ಟಿಮುಟ್ಟಾಗಿದೆ. ನೋಡಿದ್ರಲ್ಲ, ಒಂದು ಹೊತ್ತಿಗೆ ಎಷ್ಟು ಗುಂಡಿ.”

ಎಲ್ಲರೂ ಮಾಸ್ಟ್ರ ಕಡೆ ನೋಡಿದರು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವುದಕ್ಕಾದರೂ ಅವಕಾಶವಿತ್ತು. ಮಾಸ್ಟ್ರ ನೆಲವನ್ನು ಬೀದಿಯವರೆಲ್ಲ ಸೇರಿ ಯಾವಾಗಲೋ ಸಮತಟ್ಟು ಮಾಡಿಬಿಟ್ಟಿದ್ದರು.

ಮಗಳು ಮುಂದೆ ಬಂದಳು. ಅವಳ ಮೊದಲ ಪಾಟೀಸವಾಲು ಕೋರ್ಟಿನಲ್ಲಿ ನಡೆಯಲಿಲ್ಲ, ಮನೆಯಲ್ಲೇ ನಡೆಯಿತು. “ಅಪ್ಪಾ, ಕತ್ತರಿ ಹರಿತವಾಗಿದೆ. ಬೆಳಕಿದೆ. ಕಣ್ಣಿದೆ. ನಿಮ್ಮಷ್ಟು ಚೆನ್ನಾಗಿ ಹೊಲಿಯೋರು ಬೇರೆ ಇಲ್ಲ. ಮತ್ತೆ ಯಾಕೆ ಹೊಲಿಯಲ್ಲ?”

ಮಾಸ್ಟ್ರು ಬಾಯಿ ತೆರೆದರು. ಇಷ್ಟು ವರ್ಷ ಕರೆಯದೆಯೇ ಓಡಿ ಬರುತ್ತಿದ್ದ ನೆಪಗಳಲ್ಲಿ ಒಂದೂ ಬರಲಿಲ್ಲ.

“ಹೊಲಿದು ಕೊಟ್ಟರೆ ತಗೊಂಡು ಹೋಗಿಬಿಡ್ತೀರಿ,” ಎಂದರು ಕೊನೆಗೆ. “ಆಮೇಲೆ ಬಟ್ಟೆ ಹರಿಯೋವರೆಗೂ ಈ ಕಡೆ ತಿರುಗಿ ನೋಡಲ್ಲ. ಬಾಕಿ ಇದ್ರೆ ಬರ್ತೀರಿ, ಆ ಸ್ಟೂಲಿನ ಮೇಲೆ ಕೂತ್ಕೋತೀರಿ, ‘ಮಾಸ್ಟ್ರೇ, ನಿಮ್ಮನ್ನ ಬಿಟ್ರೆ ನಮಗೆ ಯಾರಿದಾರೆ’ ಅಂತೀರಿ. ಅದು ನನಗೆ ಇಷ್ಟ. ಕತ್ತರಿ ಗಿತ್ತರಿ ಎಲ್ಲ ಸುಳ್ಳು.”

ಹೇಳಿದ ಮೇಲೆ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಅವರಿಗೇ. ಈ ಸಂಗತಿ ಅವರಿಗೂ ಆಗಷ್ಟೇ ಗೊತ್ತಾಗಿತ್ತು.

“ಮತ್ತೆ ನನ್ನ ಕೋಟು?” ಎಂದಳು ಮಗಳು, ಸ್ವಲ್ಪ ಮೆತ್ತಗೆ.

“ನೀನೂ ಅದನ್ನ ಹಾಕ್ಕೊಂಡು ಹೋಗಿಬಿಡ್ತೀಯಲ್ಲ ಅನ್ನಿಸ್ತು.”

“ಅಪ್ಪಾ, ಕೋರ್ಟು ಇರೋದು ಬಸ್ ಸ್ಟ್ಯಾಂಡಿನ ಹಿಂದೆ. ಸಾಯಂಕಾಲ ಊಟಕ್ಕೆ ಮನೆಗೇ ಬರ್ತೀನಿ.”

ಗುಮಾಸ್ತ ಸ್ಟೂಲು ಎಳೆದುಕೊಂಡು ಕೂತ. “ಇಷ್ಟೇನಾ? ಶರಟು ಕೊಟ್ಬಿಡಿ ಮಾಸ್ಟ್ರೇ, ಶರಟು ಹಾಕ್ಕೊಂಡೇ ಬಂದು ಕೂತ್ಕೋತೀನಿ. ಈಗ ಮೊದಲು ಮಗಳ ಕೋಟು ಕತ್ತರಿಸಿ. ನಿಮ್ಮ ಮೇಲೆ ನಂಬಿಕೆ ಇಲ್ಲ, ನೋಡಿಕೊಂಡೇ ಹೋಗ್ತೀನಿ.” ಉಳಿದವರಿಗೂ ಈ ಮಾತು ಸರಿಯೆನಿಸಿತು. ಯಾರೂ ಕದಲಲಿಲ್ಲ.

ಮಾಸ್ಟ್ರು ಮೊದಲು ಕಪ್ಪು ಬಟ್ಟೆಯ ಗುಂಡಿಗಳನ್ನು ಬಿಚ್ಚಬೇಕಾಯಿತು. ಹೆಂಡತಿ ಹೇಳಿದ್ದು ಸುಳ್ಳಲ್ಲ, ಒಂದೂ ಸುಲಭಕ್ಕೆ ಬರಲಿಲ್ಲ. ಆಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿ ಹಿಡಿದರು. ಕತ್ತರಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಬೀದಿಯವರ ಪಹರೆಯಲ್ಲಿ ಆ ಸಂಜೆ ಹೊಲಿಗೆ ಮೆಷಿನ್ ನಿಲ್ಲಲೇ ಇಲ್ಲ.

ಭಾನುವಾರ ಮಧ್ಯಾಹ್ನ ಮಾಸ್ಟ್ರು ಕೋಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಡುಮನೆಗೆ ಬಂದರು. ತೋಳು, ಕಾಲರು, ಅಸ್ತರು, ಮೆಷಿನ್ನಿನಲ್ಲೇ ಹೊಡೆದ ಕಾಜಾ ಸಮೇತ ಎಲ್ಲ ಮುಗಿದಿತ್ತು. “ಮಗಳೇ, ಗುಂಡಿ ಒಂದೇ ಬಾಕಿ!”

ಜೀವಮಾನದಲ್ಲಿ ಮೊದಲ ಸಲ ಆ ಮಾತು ನಿಜವಾಗಿತ್ತು. ಮಗಳು ತಲೆ ಎತ್ತಿಯೂ ನೋಡದೆ ಚಪ್ಪಲಿ ಹಾಕಿಕೊಂಡಳು. “ಅಮ್ಮಾ, ರೆಡಿಮೇಡ್ ಅಂಗಡಿ ಮುಚ್ಚೋದ್ರೊಳಗೆ ಹೋಗಿಬರ್ತೀನಿ.”

“ನೋಡೇ ಮಾರಾಯ್ತಿ, ನಿಜವಾಗ್ಲೂ!” ಎಂದು ಮಾಸ್ಟ್ರು ಬಾಗಿಲಿಗೆ ಅಡ್ಡ ನಿಂತು ಕೋಟು ತೊಡಿಸಿದರು. ಭುಜದಲ್ಲಿ ಒಂದು ಸುಕ್ಕಿಲ್ಲದೆ ಕೂತಿತು. ಮಗಳು ಕನ್ನಡಿಯ ಮುಂದೆ ನಿಂತವಳು ಚಪ್ಪಲಿ ಬಿಚ್ಚಿದಳು. ಹೆಂಡತಿಯ ಕಣ್ಣು ಒದ್ದೆಯಾಯಿತು. ಮಾಸ್ಟ್ರು ಅದನ್ನು ಗಮನಿಸಿ, ಇದೇ ಸಮಯ ಎಂದುಕೊಂಡು ಕೋಟು, ಗುಂಡಿ, ಸೂಜಿ ಮೂರನ್ನೂ ಅವಳ ಮುಂದೆ ಇಟ್ಟರು.

“ನನಗೆ ಕೈನೋವು,” ಎಂದಳು ಅವಳು.

“ಯಾವಾಗಿಂದ?”

“ಅದು ನಿಮಗೇ ಗೊತ್ತಿರಬೇಕು. ಊರಿಗೆಲ್ಲ ಹೇಳಿದವರು ನೀವು.”

ಮಾಸ್ಟ್ರು ಮೆಷಿನ್ನಿನ ರಾಜರೇ ಹೊರತು ಕೈಸೂಜಿ ಹಿಡಿದು ಯುಗವಾಗಿತ್ತು. ಮೊದಲ ಗುಂಡಿಗೇ ಹೆಬ್ಬೆರಳು ಚುಚ್ಚಿಕೊಂಡರು, ಎರಡನೆಯದಕ್ಕೆ ತೋರುಬೆರಳು. ಸೂಜಿ ಸರಿಯಿಲ್ಲ ಎಂದು ಹೇಳಲು ಬಾಯಿ ತೆರೆದವರು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿ ಮುಚ್ಚಿಕೊಂಡರು. ಅವಳು ಒಳಗೆ ಹೋಗಿ ನರ್ಸು ಕೊಟ್ಟ ಮುಲಾಮಿನ ಡಬ್ಬಿ ತಂದು ಅವರ ಪಕ್ಕದಲ್ಲಿಟ್ಟಳು.

“ಹಚ್ಕೊಳ್ಳಿ,” ಎಂದಳು. “ಗುಂಡಿ ಹಾಕೋರಿಗೆ ಅಂತಲೇ ಕೊಟ್ಟಿದ್ದು.”