ಮೇರಿ ಆಂಟಿಯ ಪುಸ್ತಕದ ಬಂಧನ ಮತ್ತು ಬಿಡುಗಡೆ

ಯಾವುದೇ ಪುಸ್ತಕ ಬಿಡುಗಡೆಯಾಗಬೇಕಾದರೆ ಅದು ಮೊದಲು ಬಂಧನದಲ್ಲಿ ಇದ್ದಿರತಕ್ಕದ್ದು. ಇದು ಕುವೆಂಪುನಗರದ ಮುಸ್ಸಂಜೆ ಸಾಹಿತ್ಯ ಬಳಗದ ನಿಯಮ. ಸರ್ವಾನುಮತದಿಂದ ಅಂಗೀಕಾರವಾಗಿರುವುದರಿಂದ ಇದರಲ್ಲಿ ನಗುವಂಥದ್ದೇನೂ ಇಲ್ಲ.

ಈ ನಿಯಮದಡಿ ಮೊದಲು ಒಳಗೆ ಹೋದ ಪುಸ್ತಕ ‘ನಾಲ್ಕನೇ ಕೂಗು’. ಬರೆದವರು ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಪುಷ್ಪಮೇರಿ ಆಂಟಿ. ಕುಕ್ಕರ್ ಮೂರು ಕೂಗು ಕೂಗಿದರೆ ಅನ್ನ ಬೇಯುತ್ತೆ, ನಾಲ್ಕನೇ ಕೂಗಿಗೆ ಪಕ್ಕದ ಮನೆ ಸುದ್ದಿ ಬೇಯುತ್ತೆ ಅನ್ನೋದು ಅದರ ಸಾರಾಂಶ. ಪ್ರಕಾಶಕರೆಲ್ಲ ‘ನೋಡೋಣ’ ಅಂದರು. ಮೈಸೂರಲ್ಲಿ ‘ನೋಡೋಣ’ ಅಂದರೆ ಏನು ಅಂತ ನಿಮಗೂ ಗೊತ್ತು. ಆಂಟಿ ತಾವೇ ಅಚ್ಚು ಹಾಕಿಸಿದರು. ಒಳಪುಟದಲ್ಲಿ ಲೇಖಕಿ ಪುಷ್ಪಮೇರಿ, ಪ್ರಕಾಶಕಿ ಪುಷ್ಪಮೇರಿ, ಮುಖಪುಟ ಪುಷ್ಪಮೇರಿ. ‘ಈ ಸಾಹಸದಲ್ಲಿ ಬೆನ್ನು ತಟ್ಟಿದ ಶ್ರೀಮತಿ ಪುಷ್ಪಮೇರಿಯವರಿಗೆ ಕೃತಜ್ಞತೆಗಳು’ ಅಂತಲೂ ಇದೆ.

ಆಂಟಿಗೆ ಇದ್ದದ್ದು ಒಂದೇ ಆಸೆ. ಚಿಕ್ಕಂದಿನಲ್ಲಿ ಕೈಹಿಡಿದು ಅಕ್ಷರ ತಿದ್ದಿಸಿದ ಸವರಿಯಪ್ಪ ಮೇಷ್ಟ್ರು ಈ ಪುಸ್ತಕ ಓದಬೇಕು. ಮೇಷ್ಟ್ರ ಕಣ್ಣು ಮಬ್ಬಾಗುತ್ತಾ ಬಂದಿತ್ತು. ‘ಓದೋದಿದ್ದರೆ ಈಗಲೇ ಓದ್ಕೊಂಡುಬುಡಿ’ ಅಂತ ಡಾಕ್ಟರೇ ಹೇಳಿದ್ದರು. ಆಂಟಿ ಬಿಸಿಬಿಸಿ ಪ್ರತಿ ಹಿಡಿದು ಓಡಿದರು. ಮೇಷ್ಟ್ರು ಚಾಚಿದ ಕೈ ಹಿಂದಕ್ಕೆಳೆದುಕೊಂಡರು.

“ಬಿಡುಗಡೆ ಆಯ್ತೇನಮ್ಮ?”

“ಇಲ್ಲ ಮೇಷ್ಟ್ರೇ, ಮೊದಲು ನಿಮಗೇ ಅಂತ...”

“ಬಿಡುಗಡೆ ಆಗದೇ ಇರೋ ಪುಸ್ತಕ ಓದೋದಾ? ತಾಳಿ ಕಟ್ಟೋಕೆ ಮುಂಚೆ ಊಟಕ್ಕೆ ಕೂತಂಗೆ ಕಣಮ್ಮ. ಕ್ರಮ ಅಲ್ಲ.”

ಆಂಟಿ ಬಳಗಕ್ಕೆ ಅರ್ಜಿ ಹಾಕಿದರು. ಬಳಗದ ಅಧ್ಯಕ್ಷರಾದ ಮೃತ್ಯುಂಜಯ ಅವರು ನಿವೃತ್ತ ಸೂಪರಿಂಟೆಂಡೆಂಟರು. ಯಾವ ಇಲಾಖೆ ಅಂತ ಯಾರೂ ಕೇಳಿಲ್ಲ, ದನಿ ಕೇಳಿದರೆ ಸಾಕು. ಅವರು ಸಭೆಯಲ್ಲಿ “ಪುಸ್ತಕ ಬಿಡುಗಡೆಗೆ ಅರ್ಜಿ ಬಂದಿದೆ” ಎಂದಾಗ ಹಿಂದಿನ ಕುರ್ಚಿಯಿಂದ ಯಾರೋ, “ಬಿಡುಗಡೆ ಮಾಡೋಕೆ ಅದೇನು ಒಳಗಿದ್ಯಾ ಸಾರ್?” ಅಂದರು. ಅದು ನಾನೇ ಅಂತ ಕೆಲವರು ಹಬ್ಬಿಸಿದ್ದಾರೆ. ಎಸ್ಸೆಲ್ಸಿಯಲ್ಲಿ ಕನ್ನಡಕ್ಕೇ ಡುಮ್ಕಿ ಹೊಡೆದವನಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು?

ಯಾರಾದರೂ ನಗಬಹುದಿತ್ತು. ಅಧ್ಯಕ್ಷರು ಕನ್ನಡಕ ತೆಗೆದರು.

“ಪ್ರಶ್ನೆ ಸಮಂಜಸವಾಗಿದೆ. ಒಳಗೇ ಇಲ್ಲದ ಪುಸ್ತಕಗಳನ್ನು ಇಷ್ಟು ವರ್ಷ ಬಿಡುಗಡೆ ಮಾಡಿದ್ದೇವೆ. ಇದು ಗಂಭೀರ ಲೋಪ.”

ಕಾರ್ಯದರ್ಶಿ ಮಾಲವಿಕಾ ಮೇಡಂ ನಿಯಮ ಬರೆದರು. ಕಾಫಿ ಬಂತು. ಅಂಗೀಕಾರವಾಯಿತು.

ಮಾರನೇ ದಿನ ಪುಸ್ತಕದ ಕಟ್ಟುಗಳನ್ನು ಆಂಟಿಯ ಕಟಿಂಗ್ ಟೇಬಲ್ಲಿನ ಅಡಿಯಲ್ಲೇ ಬಂಧಿಸಿ, ಆಟೋದಲ್ಲಿ ಕರೆದೊಯ್ದು, ಬಳಗದ ಗಾಜಿನ ಬೀರುವಿನೊಳಗೆ ಕೂರಿಸಲಾಯಿತು.

“ಆರೋಪ ಏನು ಸಾರ್?” ಎಂದರು ಆಂಟಿ.

“ಪ್ರಕಾಶಕರಿಲ್ಲದೆ ಪ್ರಕಟವಾಗಿದೆ.”

“ನಾನೇ ಪ್ರಕಾಶಕಿ ಸಾರ್.”

“ನೋಡಿ, ತಪ್ಪೊಪ್ಪಿಗೆ. ಮಾಲವಿಕಾ, ಬರ್ಕೊಳ್ಳಿ.”

“ಬೀಗ ಯಾಕೆ ಸಾರ್? ಪುಸ್ತಕ ಓಡೋಗ್ಬುಡುತ್ತಾ?”

“ಚೆನ್ನಾಗಿದ್ದರೆ ಕೈಯಿಂದ ಕೈಗೆ ಹೋಗುತ್ತೆ ಕಣಮ್ಮ. ಆ ಅಪಾಯ ಬೇಡ.”

ಭಾನುವಾರ ಸಂಜೆ ಭೇಟಿಗೆ ಅವಕಾಶವಿತ್ತು. ಆಂಟಿ ಮೇಷ್ಟ್ರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಂದರು. ಮೇಷ್ಟ್ರು ಗಾಜಿಗೆ ಮೂಗು ಒತ್ತಿ ಮುಖಪುಟ ಓದಿದರು.

“ಕೂಗಿನ ದೀರ್ಘ ಚೆನ್ನಾಗಿ ಬಂದಿದೆ ಮೇರಿ.”

ಕೆಲವು ಭಾನುವಾರ ಕಳೆದ ಮೇಲೆ ಅದೇ ಗಾಜು, ಅದೇ ಮೂಗು.

“ದೀರ್ಘ ಎಲ್ಲೋಯ್ತಮ್ಮ? ಅಳಿಸ್ಬುಟ್ಟಿಯಾ?”

ಆಂಟಿ ನೇರ ಅಧ್ಯಕ್ಷರ ಮುಂದೆ ಹೋಗಿ ನಿಂತರು. “ಬೇಗ ಬುಡಿ ಸಾರ್. ಮೇಷ್ಟ್ರ ಕಣ್ಣು...”

“ಕಣ್ಣು ನಿಯಮದಲ್ಲಿ ಬರಲ್ಲ. ಜಾಮೀನು ತನ್ನಿ.”

ಪುಸ್ತಕ ಓದಿ ಮೆಚ್ಚಿದ ಇಬ್ಬರು ಸಾಹಿತಿಗಳು ಜಾಮೀನು ನಿಲ್ಲಬೇಕಿತ್ತು. ಪುಸ್ತಕ ಒಳಗಿದ್ದುದರಿಂದ ಓದುವಂತಿರಲಿಲ್ಲ. ಇದನ್ನು ತೊಡಕು ಅಂದುಕೊಂಡರೆ ನಿಮಗೆ ಸಾಹಿತ್ಯ ಗೊತ್ತಿಲ್ಲ ಅಂತ ಅರ್ಥ. ಓದದೇ ಮುನ್ನುಡಿ ಬರೆದು ಪಳಗಿದವರು ಇಬ್ಬರೂ ಕೂಡಲೇ ಸಿಕ್ಕರು. ಒಬ್ಬರು ‘ಮನಕಲಕುವ ಕೃತಿ’ ಎಂದು ಬರೆದು ಸಹಿ ಹಾಕಿದರು. ಇನ್ನೊಬ್ಬರು ಪುಸ್ತಕದ ಹೆಸರನ್ನಾದರೂ ಕೇಳಿ ಸಹಿ ಹಾಕಿದರು. ಎರಡನೆಯವರ ಆಸಕ್ತಿಯನ್ನು ಬಳಗ ವಿಶೇಷವಾಗಿ ಶ್ಲಾಘಿಸಿತು.

ಬಿಡುಗಡೆಯ ದಿನ ಮಿಣಮಿಣ ಕಾಗದದ ಮೇಲಿನ ರಿಬ್ಬನ್ನನ್ನು ಅತಿಥಿಗಳು ಬಿಚ್ಚಿದರು. ಮಾಲವಿಕಾ ಮೇಡಂ ಮೈಕಿನಲ್ಲಿ ಪ್ರಕಟಣೆ ಓದಿದರು:

“ಸದರಿ ಕೃತಿಯನ್ನು ಷರತ್ತಿನ ಮೇಲೆ ಬಿಡುಗಡೆ ಮಾಡಲಾಗಿದೆ. ಕೃತಿಯು ನಗರದ ಎಲ್ಲೆ ದಾಟತಕ್ಕದ್ದಲ್ಲ. ಪ್ರತಿ ಭಾನುವಾರ ಬಳಗಕ್ಕೆ ಬಂದು ಹಾಜರಿ ಹಾಕತಕ್ಕದ್ದು. ಓದುಗರ ಮೇಲೆ ಯಾವುದೇ ಪ್ರಭಾವ ಬೀರತಕ್ಕದ್ದಲ್ಲ.”

ಜೋರು ಚಪ್ಪಾಳೆ.

ಮೊದಲ ಪ್ರತಿ ಮೇಷ್ಟ್ರಿಗೆ. ಎಲ್ಲರ ಹಾಗೆ ಅವರೂ ಎದೆ ಮುಂದೆ ಹಿಡಿದು ಫೋಟೋಗೆ ನಿಂತರು. ಆಮೇಲೆ ಉಳಿದವರು ಪುಸ್ತಕವನ್ನು ಕುರ್ಚಿ ಮೇಲಿಟ್ಟು ಬೋಂಡದ ಕಡೆ ನೋಡಿದರು. ಮೇಷ್ಟ್ರು ಮಾತ್ರ ತೆರೆದರು. ತಲೆಕೆಳಗಾಗಿ. ಅತಿಥಿಗಳೂ ಫೋಟೋದಲ್ಲಿ ಹಾಗೇ ಹಿಡಿದಿದ್ದರಿಂದ ಯಾರಿಗೂ ವ್ಯತ್ಯಾಸ ಕಾಣಲಿಲ್ಲ.

ಆಂಟಿಗೆ ಕಂಡಿತು. ಪಕ್ಕದಲ್ಲಿ ಕೂತು, ಪುಸ್ತಕ ತಿರುಗಿಸಿ, ಮೆಲ್ಲಗೆ ಓದಿ ಹೇಳತೊಡಗಿದರು. ಎರಡನೇ ಪುಟಕ್ಕೆ ಮೇಷ್ಟ್ರು ಕಿಸಕ್ಕನೆ ನಕ್ಕರು. ಅಧ್ಯಕ್ಷರು ಮೇಜು ಕುಟ್ಟಿದರು.

“ಏನಮ್ಮ ಅದು? ಪುಸ್ತಕ ಬಿಡುಗಡೆ ಸಭೇಲಿ ಪುಸ್ತಕ ಓದ್ತೀರಾ? ಮರ್ಯಾದೆ ಬೇಡ್ವಾ?”

“ಮೇಷ್ಟ್ರು ನಕ್ಕರು ಸಾರ್!”

“ಅದೇ ಪ್ರಭಾವ. ಷರತ್ತು ಮುರಿದುಹೋಯಿತು.”

ಜಾಮೀನು ವೇದಿಕೆಯಲ್ಲೇ ರದ್ದಾಯಿತು. ಬಿಚ್ಚಿದ ಅತಿಥಿಗಳೇ ರಿಬ್ಬನ್ ಕಟ್ಟಿದರು. ಮೇಷ್ಟ್ರು ತಮ್ಮ ಪ್ರತಿಯನ್ನು ತಾವೇ ಒಪ್ಪಿಸಿ, “ಕ್ರಮ ಅಂದ್ರೆ ಕ್ರಮ ಕಣಮ್ಮ,” ಎಂದರು. ಆಮೇಲೆ ಆಂಟಿಯ ಕಿವಿಯ ಹತ್ತಿರ ಬಾಗಿ, “ಆ ಎರಡನೇ ಪುಟದ ಸೊಸೆ ಕುಕ್ಕರ್ ಇಳಿಸಿದಳೋ ಇಲ್ವೋ?” ಅಂತ ಕೇಳಿದರು.

ಈಗ ಪ್ರತಿ ಭಾನುವಾರ ಇಬ್ಬರೂ ಭೇಟಿಗೆ ಬರುತ್ತಾರೆ. ಪುಸ್ತಕ ಗಾಜಿನ ಒಳಗೆ, ಇವರು ಹೊರಗೆ. ಬರೆದವರಿಗೆ ಬಾಯಿಪಾಠ ಇರುತ್ತಲ್ಲ, ಆಂಟಿ ಹೇಳುತ್ತಾ ಹೋಗುತ್ತಾರೆ, ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಬಾಯಲ್ಲಿರುವುದನ್ನು ಬಂಧಿಸುವ ಬಗ್ಗೆ ಉಪಸಮಿತಿ ನೇಮಕವಾಗಿದೆ. ಅದರ ಸದಸ್ಯರೂ ಕುರ್ಚಿ ಎಳೆದುಕೊಂಡು ಕೇಳುತ್ತಿರುವುದರಿಂದ ವರದಿ ತಡವಾಗುತ್ತಿದೆ. ಅಧ್ಯಕ್ಷರು ನಗು ಬಂದಾಗ ಕೆಮ್ಮುತ್ತಾರೆ.

ಆಂಟಿ ಎರಡನೇ ಪುಸ್ತಕಕ್ಕೆ ಈಗಲೇ ನಿರೀಕ್ಷಣಾ ಜಾಮೀನು ಕೇಳಿದ್ದರು. ಬಳಗ ಉದಾರವಾಗಿ ಮಂಜೂರು ಮಾಡಿದೆ. ಷರತ್ತು ಒಂದೇ: ಬರೆಯತಕ್ಕದ್ದಲ್ಲ. ಆಂಟಿ ಒಪ್ಪಿ ಸಹಿ ಹಾಕಿದರು. ಕಳೆದ ಭಾನುವಾರ ಮೊದಲ ಅಧ್ಯಾಯ ಹೇಳಿದರು.