ಕ್ಯಾಪ್ಟನ್ ಕೈ ಹಿಡಿದ ಮೇಲೆ

ಆಕಾಶದ ಮೇಲೆ ಆಸೆ ಇಟ್ಟುಕೊಂಡು ನೆಲದ ಮೇಲೆ ಸಂಸಾರ ಮಾಡುವವರಿಗೆ ಇಂಥವೆಲ್ಲ ಆಗ್ತಾನೇ ಇರುತ್ತವೆ, ಬಿಡಿ. ನಾನು ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ಬೈರಕೂರಿನ ಕಡೆ. ಮನೆಯಲ್ಲಿ ರೇಷ್ಮೆ ಹುಳ, ಅತ್ತೆ, ಮಾವ, ಆಮೇಲೆ ನನ್ನ ಗಂಡ. ಮರ್ಯಾದೆ ಸಿಗುವುದೂ ಇದೇ ಕ್ರಮದಲ್ಲಿ.

ನನಗೊಂದು ಹುಚ್ಚು. ಟೀವಿಯಲ್ಲಿ ಬರುವ ಒಂದು ಅಂತರಿಕ್ಷದ ಧಾರಾವಾಹಿ. ಭೂಮಿ ಕಳೆದುಕೊಂಡ ಒಂದಷ್ಟು ಜನ ದೊಡ್ಡದೊಂದು ಹಡಗಿನಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೀತಾರೆ. ಹಡಗಿಗೊಬ್ಬ ಕ್ಯಾಪ್ಟನ್. ಅದನ್ನ ಓಡಿಸೋಳು ಒಬ್ಬ ಹುಡುಗಿ. ಹೋದ ಸೀಸನ್ನಿನ ಕೊನೆಯಲ್ಲಿ, ಕಿಟಕಿಯಾಚೆ ನೀಲಿ ಧೂಳು ಸುರೀತಿರುವಾಗ, ಕ್ಯಾಪ್ಟನ್ ಅವಳ ಕೈ ಹಿಡಿದು, "ನಿನಗೊಂದು ಮಾತು ಹೇಳ್ಬೇಕು" ಅಂದ. ಅಷ್ಟೇ, ಮುಗೀತು! ಆ ಒಂದು ಮಾತಿಗೆ ಎರಡು ವರ್ಷ ಕಾದೆ. ನನ್ನ ಮದುವೆಗೆ ಗಂಡಿನ ಕಡೆಯವರು ಹೂಂ ಅನ್ನಲಿ ಅಂತಲೂ ಇಷ್ಟು ಕಾದವಳಲ್ಲ ನಾನು. ಅವರಿಬ್ಬರೂ ಒಂದಾಗಬೇಕು. ನನಗಿದ್ದದ್ದು ಅದೊಂದೇ ಆಸೆ.

೧. ಕರಿಹಲಗೆ

ಹೊಸ ಸೀಸನ್ನಿನ ಮೊದಲ ಕಂತು ಶುಕ್ರವಾರ ಅಂತ ಗೊತ್ತಾಯಿತು ನೋಡಿ, ಆ ವಾರ ನಾನು ನಾನಾಗಿರಲಿಲ್ಲ. ಎಂಟನೇ ಕ್ಲಾಸಿಗೆ ಸೌರಮಂಡಲದ ಚಿತ್ರ ಬರೀತಿದ್ದೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳ್ತಿತ್ತು. ಸೀಮೆಸುಣ್ಣದ ಪುಡಿ ಅದರೊಳಗೆ ಮೆಲ್ಲಗೆ ತೇಲ್ತಿತ್ತು. ಅದನ್ನೇ ನೋಡ್ತಾ ನೋಡ್ತಾ ಎಲ್ಲಿಗೋ ಹೋಗ್ಬಿಟ್ಟೆ.

ವಾಪಸ್ ಬಂದಾಗ ಬಾಗಿಲಲ್ಲಿ ಹೆಡ್ ಮಾಸ್ಟರು ನಿಂತಿದ್ದರು. ಹಲಗೆ ಮೇಲೆ ಮಂಗಳನಿಗೂ ಗುರುವಿಗೂ ನಡುವೆ ನನ್ನ ಹಡಗು ನಿಂತಿತ್ತು, ಕಿಟಕಿ ದೀಪಗಳ ಸಮೇತ.

"ಇದೇನ್ ಮೇಡಂ, ಹೊಸ ಗ್ರಹವಾ? ಪರೀಕ್ಷೆಗೆ ಬರುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಇಡೀ ಕ್ಲಾಸು ಒಂದೇ ರಾಗದಲ್ಲಿ ಹೇಳ್ತು: "ಇಲ್ಲ ಸಾರ್, ಶುಕ್ರವಾರ ಬರುತ್ತೆ!"

೨. ಬಸ್ಸು

ಶುಕ್ರವಾರ ಬೆಳಿಗ್ಗೆಯೇ ಕಂತು ಬಿಟ್ಟಿದ್ದರು. ಯಾರ ಬಾಯಿಂದಲೂ ಕತೆ ಕೇಳಬಾರದು ಅಂತ ಫೋನ್ ಆಫ್ ಮಾಡಿ, ಸ್ಟಾಫ್ ರೂಮಿಗೂ ಹೋಗದೆ, ಸಂಜೆ ಊರಿನ ಬಸ್ಸು ಹತ್ತಿದೆ. ಮುಂದಿನ ಸೀಟಲ್ಲಿ ಇಬ್ಬರು ಕಾಲೇಜು ಹುಡುಗಿಯರು.

"ಲೇ, ಕ್ಯಾಪ್ಟನ್ ಏನ್ ಹೇಳ್ದ ಗೊತ್ತೇನೇ..." ಅಂತ ಒಬ್ಬಳು ಶುರು ಮಾಡಿದಳು. ನಾನು ಎರಡೂ ಕಿವಿ ಮುಚ್ಚಿಕೊಂಡು "ಅಯ್ಯಯ್ಯೋ ಬೇಡ!" ಅಂತ ಕೂಗಿಬಿಟ್ಟೆ.

ಕಂಡಕ್ಟರು ಓಡಿ ಬಂದ. "ಏನಾಯ್ತು ಮೇಡಂ? ಕಿವಿ ನೋವಾ?"

ನಾಚಿಕೆ ಬಿಟ್ಟು ವಿಷಯ ಹೇಳಿದೆ. ಪುಣ್ಯಾತ್ಮ, ಸೀಟಿ ಊದಿ ಇಡೀ ಬಸ್ಸಿಗೇ ಆರ್ಡರ್ ಮಾಡಿದ: "ಯಾರೂ ಮೇಡಂಗೆ ಕತೆ ಹೇಳ್ಬೇಡ್ರಮ್ಮಾ! ಅವರು ಇಳಿಯೋವರೆಗೂ ಎಲ್ರೂ ಸುಮ್ನಿರಿ!"

ಹುಡುಗಿಯರು ತುಟಿ ಹೊಲಿದುಕೊಂಡು ಕೂತರು. ನಾನು ಕಿಟಕಿಗೆ ತಲೆ ಒರಗಿಸಿದೆ. ಮಾವಿನ ತೋಪುಗಳು ಹಿಂದೆ ಹಿಂದೆ ಸರೀತಿದ್ದವು. ಸಂಜೆಯ ಬೆಳಕಲ್ಲಿ ಬಂಡೆಗಳೆಲ್ಲ ಬೇರೆ ಯಾವುದೋ ಗ್ರಹದವು ಅನ್ನೋ ಹಾಗಿದ್ದವು. ಬಸ್ಸು ನೆಲ ಬಿಟ್ಟು ಏಳುತ್ತೆ ಅಂತಲೇ ಅನ್ನಿಸ್ತಿತ್ತು. ಎಂಥ ಸುಖ!

ನನ್ನ ಸ್ಟಾಪಿಗಿಂತ ಮುಂಚೆ, ಕತೆ ಶುರು ಮಾಡಿದ್ದ ಹುಡುಗಿ ಇಳಿಯೋಕೆ ಎದ್ದಳು. ನನ್ನ ಮುಖವನ್ನ ಕನಿಕರದಿಂದ ನೋಡಿ, ತನ್ನ ಕರ್ಚೀಫು ನನ್ನ ಕೈಗಿಟ್ಟು ಅಂದಳು: "ಇಟ್ಕೊಳ್ಳಿ ಆಂಟಿ, ಬೇಕಾಗುತ್ತೆ."

೩. ಹುಳದ ಮನೆ

ಎದೆ ಹಿಡ್ಕೊಂಡು ಮನೆಗೆ ಬಂದರೆ ಅತ್ತೆ ಹೊಸಿಲಲ್ಲೇ ತಡೆದರು. "ಹುಳ ಹಣ್ಣಾಗಿದೆ. ಸೀರೆ ಬದಲಾಯಿಸ್ಕೊಂಡು ಬಾರೇ. ನಿನ್ನ ಟೀವಿ ಎಲ್ಲೂ ಓಡೋಗಲ್ಲ." ಗಂಡ ಟೊಮೇಟೊ ಲೋಡಿನ ಜೊತೆ ಕೋಲಾರಕ್ಕೆ ಹೋಗಿದ್ದರು, ಹಾಗಾಗಿ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ರೇಷ್ಮೆ ಹುಳ ಸೊಪ್ಪು ತಿನ್ನೋದು ಬಿಟ್ಟು ಗೂಡು ಕಟ್ಟೋಕೆ ತಯಾರಾದರೆ ಹಣ್ಣಾಯ್ತು ಅಂತೀವಿ. ಅಂಥವನ್ನ ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಹಣ್ಣಾದ ಹುಳವನ್ನ ದೀಪಕ್ಕೆ ಹಿಡಿದರೆ ಮೈಯೊಳಗೆಲ್ಲ ಬೆಳಕು. ಒಂದೊಂದೂ ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತೆ. ಆರಿಸ್ತಾ ಆರಿಸ್ತಾ ನನಗೆ ಮತ್ತೆ ಜೊಂಪು ಹತ್ತಿದ ಹಾಗಾಯ್ತು. ನಾನು ನಿದ್ದೆ ಮಾಡದಿರಲಿ ಅಂತ ಅತ್ತೆ, "ಅದೇನೇ ನಿನ್ನ ಹಡಗಿನ ಕತೆ? ಹೇಳು" ಅಂದರು.

ಹೇಳಿದೆ. ಒಂದು ಗ್ರಹದಲ್ಲಿ ಇಳಿದರು, ನೆಲ ಚೆನ್ನಾಗಿತ್ತು, ನೀರಿಲ್ಲ ಅಂತ ಬಿಟ್ಟರು. ಇನ್ನೊಂದಕ್ಕೆ ಹೋದರು, ಅಲ್ಲೂ ನೀರಿಲ್ಲ.

ಅತ್ತೆಯ ಕೈ ನಿಂತುಹೋಯಿತು. "ನೀರಿಲ್ಲ ಅಂತ ಊರು ಬಿಟ್ರಾ? ಮತ್ತೆ ನಾವೆಲ್ಲ ಇಲ್ಲಿ ಬದುಕಿಲ್ವಾ? ಪೋನೀಲೇ, ಹೋಗ್ಲಿ ಬಿಡು, ಅಷ್ಟು ದೊಡ್ಡ ಹಡಗಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸೋನನ್ನ ಒಬ್ಬನ್ನಾದ್ರೂ ಕರ್ಕೊಂಡು ಹೋಗ್ಬಾರ್ದಿತ್ತಾ!"

೪. ಮೊದಲ ಕಂತು

ಕೈ ತೊಳೆದು ಟೀವಿ ಮುಂದೆ ಕೂತೆ. ತೆಲುಗಿಗೆ ಡಬ್ ಆಗಿತ್ತು. ಆಂಧ್ರದ ಗಡಿಯ ಪಕ್ಕದವರಿಗೆ ಅದೂ ಮನೆ ಮಾತೇ. ಬೋರ್ ಹಾಕಿಸದ ಜನ ಹೆಂಗಿರ್ತಾರೋ ನೋಡೋಣ ಅಂತ ಅತ್ತೆಯೂ ಬಂದು ಕೂತರು. ಮಾವ ಮೂಲೆಯ ಕುರ್ಚಿಯಲ್ಲಿದ್ದರು. ಅವರದು ಮಾತು ಕಡಿಮೆ.

ಅದೇ ಕಿಟಕಿ, ಅದೇ ನೀಲಿ ಧೂಳು. ಕ್ಯಾಪ್ಟನ್ ಅವಳ ಕೈ ಇನ್ನೂ ಬಿಟ್ಟಿರಲಿಲ್ಲ. ಕೊನೆಗೂ ಅವನು ಬಾಯಿ ಬಿಟ್ಟ: "ನಾವಿಬ್ಬರೂ ಒಂದಾಗೋಕೆ ಸಾಧ್ಯವಿಲ್ಲ. ನೀನು ಕಳೆದುಹೋದ ನನ್ನ ಅಕ್ಕನ ಮಗಳು."

ಅವಳು ಮುಖ ಮುಚ್ಚಿಕೊಂಡಳು. ಅವನು ಗಾಜಿಗೆ ಹಣೆ ಚಚ್ಚಿಕೊಂಡು ಅತ್ತ. ನಾನೂ ಅತ್ತುಬಿಟ್ಟೆ. ಎರಡು ವರ್ಷ ಕಟ್ಟಿಕೊಂಡಿದ್ದ ಕನಸು, ಹೊಟ್ಟೆ ಉರಿಯದೆ ಇರುತ್ತಾ?

ಅಷ್ಟರಲ್ಲಿ ಪಕ್ಕದಲ್ಲಿ ಚಪ್ಪಾಳೆ. ತಿರುಗಿದರೆ ಅತ್ತೆ!

"ಅಕ್ಕನ ಮಗಳಾ! ಇನ್ನೇನ್ ಬೇಕೇ! ಹಕ್ಕಿನ ಹುಡುಗಿ! ಕರೆಸು ವಾಲಗದೋರನ್ನ!"

"ಅತ್ತೆ, ಅವರಲ್ಲಿ ಹಂಗೆಲ್ಲ ಆಗಲ್ಲ. ಸೋದರಮಾವ ಅಂದ್ರೆ ತಂದೆ ಸಮಾನ."

"ಸಾಕು ಸುಮ್ನಿರೇ. ನಾನು ಯಾರನ್ನ ಆಗಿರೋದು?"

ನಿಜವೇ. ಮಾವ ಅತ್ತೆಯ ತಾಯಿಯ ಒಡಹುಟ್ಟಿದ ತಮ್ಮ. ನಮ್ಮ ಕಡೆ ಆಗ ಮನೆಮನೆಯಲ್ಲೂ ನಡೀತಿದ್ದ ಸಂಬಂಧ. ಈಗ ಬೇಡ ಅಂತ ಕ್ಲಾಸಲ್ಲಿ ಪಾಠ ಮಾಡುವವಳು ನಾನೇ ಆದರೂ ಅತ್ತೆಯ ಮುಂದೆ ಆ ಪಾಠ ನಡೆಯೋದಿಲ್ಲ.

ಅತ್ತೆ ಎದ್ದು ಟೀವಿ ಹತ್ತಿರವೇ ಹೋಗಿ ಕ್ಯಾಪ್ಟನ್‌ಗೆ ಬುದ್ಧಿ ಹೇಳತೊಡಗಿದರು. "ಏನ್ಲಾ ಇದು, ಗಂಡಸಾಗಿ! ಅಕ್ಕನ ಮಗಳನ್ನ ಕಟ್ಕೋಬೇಕಲ್ಲ ಅಂತ ಯಾವನಾದ್ರೂ ಅತ್ತಿದ್ದು ಉಂಟಾ?"

ಮೂಲೆಯಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ನಾನು ಅತ್ತಿದ್ದೆ."

ಅತ್ತೆ ನಿಧಾನಕ್ಕೆ ತಿರುಗಿದರು. "ಯಾವಾಗ?"

"ಹಸೆಮಣೆ ಮೇಲೆ. ನೀನು, ಹೋಮದ ಹೊಗೆ ಹೋಯ್ತಾ ಮಾಮ ಅಂತ ಸೆರಗಲ್ಲಿ ನನ್ನ ಕಣ್ಣು ಒರೆಸಿದೆ."

"ಆಮೇಲೆ?"

"ಆಮೇಲೇನು? ಯಾಕೆ ಅಳ್ತಿದ್ದೆ ಅನ್ನೋದೇ ಮರೆತುಹೋಯ್ತು."

ಅಷ್ಟು ವರ್ಷದಲ್ಲಿ ಅತ್ತೆ ನಾಚಿಕೊಂಡಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಅವರು ಟೀವಿ ಕಡೆ ತಿರುಗಿ, ಹುಡುಗಿಗೆ ಬೆರಳು ತೋರಿಸಿ ಅಂದರು: "ಕೇಳಿಸ್ತೇನೇ? ಸುಮ್ನೆ ನಿಂತ್ಕೊಂಡಿದ್ದೀಯಲ್ಲ, ಒರೆಸೇ ಅವನ ಕಣ್ಣ!"